ಎಸಿಯ ಗ್ಯಾಸ್ ಖರ್ಚಾಗುವುದಿಲ್ಲ

ಎಸಿಯ ಗ್ಯಾಸ್ ತಾನಾಗಿ ಖಾಲಿಯಾಗುವ ವಸ್ತುವಲ್ಲ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಮುಚ್ಚಿದ ಪೈಪಿನೊಳಗೆ ಅದು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಉರಿಯುವುದಿಲ್ಲ, ಸವೆಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ಆದರೂ "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು" ಅನ್ನುವ ಮಾತನ್ನು ಎಷ್ಟೋ ಮನೆಯವರು ನಂಬಿಕೊಂಡು ದುಡ್ಡು ಕೊಡುತ್ತಲೇ ಇದ್ದಾರೆ.

ನಮ್ಮ ಮನೆಗೂ ಅಂಥ ಒಬ್ಬರು ಬಂದಿದ್ದರು. ಒತ್ತಡ ಅಳೆಯುವ ಗೇಜ್ ಕೂಡ ಹಾಕಿ ನೋಡದೆ "ಗ್ಯಾಸ್ ಇಳಿದಿದೆ" ಅಂದರು. ಬೇಡ ಎಂದು ಕಳಿಸಿ ಬೇರೊಬ್ಬ ಹುಡುಗನನ್ನು ಕರೆಸಿದೆ. ಅವನು ಹೊರಗಿನ ಯುನಿಟ್ ಮುಂದೆ ಕುಕ್ಕರಗಾಲಲ್ಲಿ ಕೂತು, ತಾಮ್ರದ ಪೈಪ್ ಬಂದು ಸೇರುವ ನಟ್ ಮೇಲೆ ಬೆರಳಾಡಿಸಿದ. ಬೆರಳಿಗೆ ಕಪ್ಪು ಜಿಡ್ಡು ಅಂಟಿತು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಎಣ್ಣೆಯೂ ಗ್ಯಾಸ್ ಜೊತೆ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಆಮೇಲೆ ಸೋಪಿನ ನೊರೆ ಹಚ್ಚಿದ. ಸ್ವಲ್ಪ ಹೊತ್ತು ಏನೂ ಇಲ್ಲ. ನಂತರ ನಟ್‌ನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದ (ಅಂದರೆ ತುದಿಯನ್ನು ಕಹಳೆಯ ಬಾಯಂತೆ ಅಗಲಿಸಿದ), ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆದ, ಕೊನೆಗೆ ಯುನಿಟ್ ಮೇಲೆ ಬರೆದಿದ್ದಷ್ಟೇ ಗ್ಯಾಸನ್ನು ತೂಕ ಮಾಡಿ ತುಂಬಿದ. ಅದಾದ ಮೇಲೆ ಗ್ಯಾಸ್ ತುಂಬಿಸುವ ಮಾತೇ ಬಂದಿಲ್ಲ.

ಆ ವ್ಯಾಕ್ಯೂಮ್ ವಿಷಯದಲ್ಲಿ ದಯವಿಟ್ಟು ಹಠ ಹಿಡಿಯಿರಿ. ಹೊಸ ಎಸಿ ಕೂರಿಸುವಾಗಂತೂ ಖಂಡಿತ. ಕೆಲವರು ಪಂಪ್ ತರುವುದೇ ಇಲ್ಲ, ಒಂದಿಷ್ಟು ಗ್ಯಾಸ್ ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳಿ ಮುಗಿಸುತ್ತಾರೆ. ಒಳಗೆ ಉಳಿದ ತೇವ ಎಣ್ಣೆಯ ಜೊತೆ ಸೇರಿ ಆಸಿಡ್ ಆಗುತ್ತದೆ, ಕಂಪ್ರೆಸರನ್ನು ಒಳಗಿಂದಲೇ ತಿನ್ನುತ್ತದೆ. ಹೊರಗೆ ಬಿಟ್ಟ ಗ್ಯಾಸ್ ಕೂಡ ಸುಮ್ನೆ ಹೋಗುವುದಿಲ್ಲ. ಎಸಿಗಳಲ್ಲಿ ಬಳಸುವ ಆರ್-32 ಎಂಬ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವ ಶಕ್ತಿ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 675 ಪಟ್ಟು. ಆರ್-410ಎ ಎಂಬ ಇನ್ನೊಂದು ಗ್ಯಾಸ್ ಆದರೆ 2,000 ಪಟ್ಟಿಗೂ ಜಾಸ್ತಿ. ಹೊಸದು ಕೊಳ್ಳುವಾಗ ಒಳಗೆ ಯಾವ ಗ್ಯಾಸ್ ಇದೆ ಎಂದು ಕೇಳಿ ಕೊಳ್ಳಿ. ಆರ್-290, ಅಂದರೆ ಪ್ರೊಪೇನ್, ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದು ಬೆಂಕಿ ಹತ್ತುವ ಗ್ಯಾಸ್, ತರಬೇತಿ ಪಡೆದವರೇ ಮುಟ್ಟಬೇಕು.

ಎಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ನೀರು ಆಳದಲ್ಲಿದ್ದಷ್ಟೂ ಕೈ ಸೋಲುತ್ತದೆ, ಅಲ್ವಾ? ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರವೇ ಆ ಆಳ. ಹೊರಗೆ 38 ಡಿಗ್ರಿ ಇರುವಾಗ ಒಳಗೆ 20 ಬೇಕು ಎಂದರೆ ಯಂತ್ರ ತುಂಬಾ ಆಳದಿಂದ ಸೇದಬೇಕು. 26 ಸಾಕು ಎಂದರೆ ಕೆಲಸ ಎಷ್ಟೋ ಹಗುರ. ನಮ್ಮಲ್ಲಿ 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳುತ್ತೇವೆ. ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಒಣಗಿಸುತ್ತದೆ. ಅಷ್ಟಕ್ಕೇ ಎರಡು ಡಿಗ್ರಿ ಇಳಿಸಿದಷ್ಟು ಹಿತ ಸಿಗುತ್ತದೆ. ಇನ್ನು, ಬೇಗ ತಣ್ಣಗಾಗಲಿ ಎಂದು 16ಕ್ಕೆ ಇಡುವುದರಿಂದ ಹಳೆಯ ಸಾದಾ ಎಸಿಯಲ್ಲಿ ಏನೂ ಬೇಗ ಆಗುವುದಿಲ್ಲ. ಅದರ ಕಂಪ್ರೆಸರ್‌ಗೆ ಒಂದೇ ವೇಗ.

ಚಳಿಗಾಲದ ಕಥೆಯೂ ಇದೇ, ದಿಕ್ಕು ಮಾತ್ರ ಉಲ್ಟಾ. ಅಮ್ಮನ ಕೋಣೆಗೆ ಹೀಟರ್ ಬೇಕಾದಾಗ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಆಯಿಲ್ ಹೀಟರ್ ಉಳಿತಾಯ ಎಂದು ಒಬ್ಬರು, ಫ್ಯಾನ್ ಹೀಟರ್ ಎಂದು ಇನ್ನೊಬ್ಬರು. ನಿಜ ಏನೆಂದರೆ ಕಾಯಿಲ್ ಕಾಯಿಸುವ ಹೀಟರ್ ಯಾವ ಆಕಾರದಲ್ಲಿದ್ದರೂ ಒಂದು ಯುನಿಟ್ ಕರೆಂಟಿಗೆ ಒಂದೇ ಯುನಿಟ್ ಬಿಸಿ ಕೊಡುತ್ತದೆ. ಎರಡೂ ದಿಕ್ಕಿಗೆ ಓಡುವ ಎಸಿ, ಅಂದರೆ ಹೀಟ್ ಪಂಪ್, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎತ್ತಿ ಒಳಗೆ ತರುತ್ತದೆ. ಹದವಾದ ಚಳಿಯಲ್ಲಿ ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ ಬಿಸಿ ಸಿಗುವುದು ಸಾಮಾನ್ಯ. ಚಳಿ ಹೆಚ್ಚಿದಷ್ಟೂ ಈ ಲಾಭ ಇಳಿಯುತ್ತದೆ, ಬಾವಿ ಆಳವಾಯಿತಲ್ಲ. ಕೊನೆಗೆ ಅಮ್ಮನ ಕೋಣೆಗೆ ಹೀಟ್ ಪಂಪೇ ಬಂತು. ಒಂದು ಬೆಳಿಗ್ಗೆ ಅದು ಇದ್ದಕ್ಕಿದ್ದಂತೆ ಬಿಸಿ ಗಾಳಿ ನಿಲ್ಲಿಸಿತು, ಹೊರಗಿನ ಯುನಿಟ್‌ನಿಂದ ಹೊಗೆಯಂಥದ್ದು ಏಳುತ್ತಿತ್ತು. ಅಮ್ಮ ಗಾಬರಿಯಾದರು. ಅದು ಹೊಗೆಯಲ್ಲ, ಆವಿ. ಹೊರಗಿನ ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಕರಗಿಸಲು ಯಂತ್ರ ಕೆಲವು ನಿಮಿಷ ದಿಕ್ಕು ಬದಲಿಸುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಆಗ ಆಫ್ ಮಾಡಬೇಡಿ. ಬಿಸಿ ಗಾಳಿ ಬೇಕಾದಾಗ ಎಸಿಯ ಬಾಯಿ ಕೆಳಮುಖ ಇರಲಿ, ತಂಪು ಬೇಕಾದಾಗ ನೇರ ಮುಂದಕ್ಕಿರಲಿ. ಬಿಸಿ ಮೇಲೇರುತ್ತದೆ, ತಂಪು ಕೆಳಗಿಳಿಯುತ್ತದೆ.

ಎಷ್ಟು ದೊಡ್ಡದು ಕೊಳ್ಳಬೇಕು? ಒಂದು ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವ ಬಿಸಿ ಎಂಬ ಹಳೆಯ ಲೆಕ್ಕ ಅದು. ಗಂಟೆಗೆ 12,000 ಬಿಟಿಯು (ಬಿಸಿಯ ಒಂದು ಅಳತೆ), ಅಥವಾ ಸುಮಾರು 3.5 ಕಿಲೋವ್ಯಾಟ್. "ಇರಲಿ, ಒಂದು ಸೈಜ್ ದೊಡ್ಡದೇ ತಗೊಳ್ಳಿ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅತಿ ದೊಡ್ಡ ಎಸಿ ಗಾಳಿಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಣ್ಣಗಿದ್ದರೂ ಮೈ ಅಂಟಂಟು. ಇನ್ವರ್ಟರ್ ಎಸಿ ವೇಗ ಇಳಿಸಿಕೊಂಡು ನಿಧಾನವಾಗಿ ಓಡುತ್ತದೆ ನಿಜ, ಆದರೆ ಅದಕ್ಕೂ ಒಂದು ಕೆಳಮಿತಿ ಇದೆ. ದಿನಾ ಗಂಟೆಗಟ್ಟಲೆ ಓಡಿಸುವವರಿಗೆ ಇನ್ವರ್ಟರೇ ಸರಿ. ಅಪರೂಪಕ್ಕೆ ಹಾಕುವ ಕೋಣೆಗೆ ಅಷ್ಟು ದುಬಾರಿಯದು ಬೇಕಿಲ್ಲ.

ಸೈಜ್ ಲೆಕ್ಕ ಹಾಕುವ ಮೊದಲು ಕೋಣೆಯನ್ನು ನೋಡಿ. ನಮ್ಮ ಮಲಗುವ ಕೋಣೆಯ ಪಶ್ಚಿಮದ ಕಿಟಕಿಗೆ ಒಳಗೆ ದಪ್ಪ ಪರದೆ ಇತ್ತು. ಸಂಜೆ ಆ ಪರದೆಯನ್ನೇ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಗಾಜು ದಾಟಿ ಬಂದ ಬಿಸಿಲಿನ ಬಿಸಿ ಬಹುಪಾಲು ಒಳಗೇ ಉಳಿಯುತ್ತದೆ, ಪರದೆ ಅದನ್ನು ವಾಪಸ್ ಕಳಿಸುವುದು ಸ್ವಲ್ಪವೇ. ಹೊರಗಡೆ ಬಿದಿರಿನ ತಟ್ಟಿ ಇಳಿಬಿಟ್ಟ ಮೇಲೆ ಎಸಿ ಹಾಕುವ ಹೊತ್ತೇ ಮುಂದಕ್ಕೆ ಹೋಯಿತು. ಹೊರಗೆ ಗಾಳಿ ಬೀಸುತ್ತಿರುವ ದಿನ ಕಿಟಕಿ ಚೌಕಟ್ಟಿನ ಸುತ್ತ ಊದುಬತ್ತಿ ಹಿಡಿದು ನೋಡಿ. ಹೊಗೆ ಎಲ್ಲಿ ಅಲುಗುತ್ತದೋ ಅಲ್ಲಿ ಸಂದಿ ಇದೆ, ಅದನ್ನು ಮುಚ್ಚಿ.

ಇನ್ನು ಶುಚಿ. ಫಿಲ್ಟರ್ ಯಾರು ಬೇಕಾದರೂ ತೊಳೆಯಬಹುದು. ಓಡಿಸುವ ಸೀಸನ್‌ನಲ್ಲಿ ಎರಡು ವಾರಕ್ಕೊಮ್ಮೆ ಬಿಚ್ಚಿ, ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಧೂಳು ಕಟ್ಟಿದರೆ ಗಾಳಿ ಓಡುವುದಿಲ್ಲ, ಒಳಗಿನ ಕಾಯಿಲ್ ಮೇಲೆ ಐಸ್ ಕೂಡ ಕಟ್ಟಬಹುದು. ಹೊರಗಿನ ಯುನಿಟ್ ಎದುರು ಸಾಮಾನು ಪೇರಿಸಬೇಡಿ, ಅದು ಉಸಿರಾಡಬೇಕು. ಅದರ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು. ಜೋರಾದ ನೀರಿನ ಜೆಟ್ ಹತ್ತಿರದಿಂದ ಬಿಟ್ಟರೆ ಮಡಚಿಹೋಗುತ್ತವೆ. ಒಳಗಿಂದ ನೀರು ತೊಟ್ಟಿಕ್ಕಿದರೆ ಮೊದಲು ಡ್ರೈನ್ ಪೈಪ್ ನೋಡಿ, ಹೆಚ್ಚಾಗಿ ಪಾಚಿ ಕಟ್ಟಿಕೊಂಡಿರುತ್ತದೆ. ದೊಡ್ಡ ಸರ್ವೀಸನ್ನು ಸೆಕೆ ಶುರುವಾಗುವ ಮುಂಚೆಯೇ ಮಾಡಿಸಿ. ಸೆಕೆ ಬಂದ ಮೇಲೆ ಮೆಕ್ಯಾನಿಕ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ, ಅವಸರದಲ್ಲಿ ಫಿಲ್ಟರ್ ಮಾತ್ರ ತೊಳೆದು ಮುಂದಿನ ಮನೆಗೆ ಓಡುತ್ತಾರೆ.