ಸಿಯೋಲ್‌ನ ಜೊಂಗಾಕ್: ನೆಲದಡಿಗೆ ಇಳಿಸಿದ ಬಿಸಿಲು

ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ, ಜೊಂಗಾಕ್ ಮೆಟ್ರೊ ನಿಲ್ದಾಣದ ನೆಲದಡಿ ಮೇಲಿನ ಬಿಸಿಲನ್ನೇ ಇಳಿಸಿ ಬೆಳೆಸಿದ ‘ಸೂರ್ಯನ ತೋಟ’ವಿದೆ. ಅಲ್ಲಿಗೆ ಹೊರಡುವ ಮುನ್ನ ಆಕಾಶ ನೋಡಿಕೊಳ್ಳಿ. ಮೋಡವಿಲ್ಲದ ದಿನ, ಹನ್ನೊಂದರಿಂದ ಎರಡು ಗಂಟೆಯೊಳಗೆ ಹೋದರೆ ಸಾರ್ಥಕ. ಜುಲೈ ಮಳೆಗಾಲದಲ್ಲಿ ಹೋದವರಿಗೆ ಸಿಗುವುದು ಬಹುಪಾಲು ಎಲ್‌ಇಡಿ ಬೆಳಕೇ.

ದಾರಿ ಸುಲಭ. ಇಂಚಿಯಾನ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಸಿಯೋಲ್ ಸ್ಟೇಷನ್, ಅಲ್ಲಿ ಒಂದನೇ ಲೈನಿನ ಮೆಟ್ರೊ ಹತ್ತಿದರೆ ಎರಡನೇ ನಿಲ್ದಾಣವೇ ಜೊಂಗಾಕ್. ತೋಟ ಕೆಳಗಿದ್ದರೂ ಮೊದಲು ಮೇಲೆ ಹತ್ತಿ, ಜೊಂಗ್ನೊ ಟವರ್ ಬಳಿ ನಿಂತಿರುವ ಎಂಟು ಬಿಸಿಲು ಹಿಡಿಯುವ ಯಂತ್ರಗಳನ್ನು ನೋಡಿ. ಸೂರ್ಯಕಾಂತಿಯಂತೆ ಅವು ಸೂರ್ಯ ಹೋದತ್ತ ಮುಖ ತಿರುಗಿಸುತ್ತವೆ. ಹಿಡಿದ ಬಿಸಿಲು ಒತ್ತಾದ ಕಿರಣವಾಗಿ, ಮಸೂರಗಳನ್ನು ಹಾದು ಚಾವಣಿಯಿಂದ ಕೆಳಗಿಳಿಯುತ್ತದೆ.

ಇಂಥ ವ್ಯವಸ್ಥೆಯಲ್ಲಿ ಕೈಕೊಡುವ ಜಾಗಗಳು ಎರಡು. ಮೊದಲನೆಯದು ಬೆಳಕನ್ನು ತಿರುಗಿಸುವ ಕನ್ನಡಿ. ನೂರಕ್ಕೆ 95 ಪಾಲು ಬೆಳಕು ಮರಳಿಸುವ ಒಳ್ಳೆಯ ಕನ್ನಡಿಯಾದರೂ ಐದು ಸಲ ತಿರುಗಿಸಿದರೆ ಉಳಿಯುವುದು 77 ಪಾಲು. ಮೇಲೆ ಧೂಳು ಕೂತರೆ ಇನ್ನೂ ಇಳಿಯುತ್ತದೆ. ಎರಡನೆಯದು ಮೋಡ. ನೇರ ಬಿಸಿಲನ್ನು ಒಂದೆಡೆ ಒಟ್ಟುಗೂಡಿಸಬಹುದು. ಮೋಡದಲ್ಲಿ ಚದುರಿದ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಯಾವ ಮಸೂರಕ್ಕೂ ಬಗ್ಗುವುದಿಲ್ಲ. ಆಗ ಇಲ್ಲಿ ಎಲ್‌ಇಡಿ ತಾನಾಗಿ ಹೊತ್ತಿಕೊಳ್ಳುತ್ತದೆ.

ತೋಟ ಚಿಕ್ಕದು, 850 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎಂಟೂವರೆ ಗುಂಟೆಯೂ ಇಲ್ಲ. ಬಳಕೆಯಿಲ್ಲದೆ ಬಿದ್ದಿದ್ದ ನೆಲಮಾಳಿಗೆಯ ಅಂಗಳವನ್ನು ಮಹಾನಗರದ ಆಡಳಿತ 2019ರ ಡಿಸೆಂಬರ್‌ನಲ್ಲಿ ಹೀಗೆ ತೆರೆಯಿತು. ತೆರೆದಾಗ ನೆಟ್ಟಿದ್ದು 37 ಬಗೆಯ ಗಿಡ, ನಿಂಬೆ ಜಾತಿಯ ಹಣ್ಣಿನ ಮರಗಳೂ ಸೇರಿ. ನೆರಳಿನ ಗಿಡ ಎಲ್ಲಿಟ್ಟರೂ ಬದುಕೀತು. ನಿಂಬೆಗೆ ಬಿಸಿಲೇ ಬೇಕು. ಹಾಗಾಗಿ ಬೆಳಕು ಎಷ್ಟು ಸಾಲುತ್ತಿದೆ ಎಂದು ತಿಳಿಯಲು ಆ ಮರಗಳ ಎಲೆಯನ್ನೇ ನೋಡಬೇಕು. ಹಳೆಯ ಮೆಟ್ಟಿಲುಗಳನ್ನು ಕೂರುವ ಆಸನಗಳಾಗಿ ಮಾಡಿದ್ದಾರೆ. ಅರ್ಧ ಗಂಟೆ ಧಾರಾಳ ಸಾಕು.

ಇದೇ ತಂತ್ರದ ಹೆಚ್ಚು ಹೆಸರಾದ ಕನಸು ನ್ಯೂಯಾರ್ಕಿನ ‘ಲೋಲೈನ್’ ಎಂಬ ನೆಲದಡಿಯ ಉದ್ಯಾನ. ಅದಕ್ಕೆ ಆರಿಸಿದ್ದ ಜಾಗ ಡಿಲ್ಯಾನ್ಸಿ ಬೀದಿಯಡಿ 1908ರಲ್ಲಿ ಶುರುವಾಗಿ 1948ರಲ್ಲಿ ನಿಂತುಹೋದ ಟ್ರಾಲಿ (ಟ್ರಾಮ್) ನಿಲ್ದಾಣ, ಸುಮಾರು ಒಂದು ಎಕರೆ. 2015ರಿಂದ 2017ರವರೆಗೆ ಹತ್ತಿರದ ಹಳೆಯ ಮಾರುಕಟ್ಟೆ ಕಟ್ಟಡದಲ್ಲಿ ನಡೆದ ಪ್ರಯೋಗದಲ್ಲಿ ಗಿಡಗಳು ಬೆಳೆದವು, ಜನ ಮುಗಿಬಿದ್ದರು. ದುಡ್ಡು ಮಾತ್ರ ಹುಟ್ಟಲಿಲ್ಲ. 2020ರಲ್ಲಿ ಕೆಲಸ ನಿಂತಿತು. ಹಳೆಯ ಚಿತ್ರಗಳನ್ನು ನಂಬಿ ಅದನ್ನು ನೋಡಲೆಂದು ಡಿಲ್ಯಾನ್ಸಿಗೆ ಹೋಗಬೇಡಿ.