ಒಂದೇ ಪ್ಲಗ್ ಪಾಯಿಂಟು

ಇವತ್ತು ವೇಟಿಂಗ್ ರೂಮಿನಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಕಾಯುತ್ತಿದ್ದವರು ಐದು ಜನ.

ನನ್ನ ಫೋನಿನಲ್ಲಿ 4% ಚಾರ್ಜು. ಪ್ಲಗ್ಗಿನ ಪಕ್ಕ ಕೂತಿದ್ದವರ ಫೋನಿನಲ್ಲಿ 91%. ಇಣುಕಿ ನೋಡಿದೆ, ತಪ್ಪು ಅಂತ ಗೊತ್ತು.

ಅವರು ಮೊದಲು ಬಂದಿದ್ದರು, ಅಷ್ಟೇ. ಸರದಿಯ ಲೆಕ್ಕ.

ದುಡ್ಡಿನ ಲೆಕ್ಕವಾಗಿದ್ದರೆ? ಗಂಟೆಗೆ ಇಷ್ಟು ಅಂತ ಇದ್ದಿದ್ದರೆ 91% ಇರುವವರು ಬಹುಶಃ ತಾವಾಗಿಯೇ ಎದ್ದುಬಿಡುತ್ತಿದ್ದರು. ಬೆಲೆಗೆ ಆ ಗುಣ ಇದೆ. ಯಾರಿಗೆ ಎಷ್ಟು ಬೇಕು ಅನ್ನೋದನ್ನ ಕೇಳದೇನೇ ಬಾಯಿ ಬಿಡಿಸುತ್ತದೆ. 1945ರಲ್ಲಿ ಅರ್ಥಶಾಸ್ತ್ರಜ್ಞ ಹಾಯೆಕ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆದರೆ 4% ಚಾರ್ಜು, ಜೊತೆಗೆ ಖಾಲಿ ಜೇಬು ಇರುವವರ ಗತಿ? ಅವರ ‘ಬೇಕು’ ಆ ಲೆಕ್ಕದಲ್ಲಿ ಯಾರಿಗೂ ಕೇಳಿಸುವುದೇ ಇಲ್ಲ, ಅಲ್ವಾ?

ಇಲ್ಲಾಂದ್ರೆ ಯಾರಾದರೂ ಒಬ್ಬರು ನಿಂತು ಹಂಚಬೇಕು. ಸೋವಿಯತ್ ರಷ್ಯಾದಲ್ಲಿ 1921ರಲ್ಲಿ ಹುಟ್ಟಿದ ಗಾಸ್‌ಪ್ಲಾನ್ ಅನ್ನೋ ಸರ್ಕಾರಿ ಯೋಜನಾ ಸಮಿತಿ ಮುಂದೆ ಸೋವಿಯತ್ ಒಕ್ಕೂಟದಲ್ಲಿ ಇದನ್ನೇ ಮಾಡಿತು. ಎಷ್ಟು ಉಕ್ಕು ಬರಬೇಕು, ಅದು ಯಾರಿಗೆ ಹೋಗಬೇಕು ಅನ್ನೋದೆಲ್ಲ ಮಾಸ್ಕೋದಲ್ಲೇ ತೀರ್ಮಾನ. ಬೆಲೆ ಕಡಿಮೆ ಇಟ್ಟರು, ಸಾಮಾನು ಸಾಲಲಿಲ್ಲ. ಅಂಗಡಿ ಮುಂದೆ ಮತ್ತದೇ ಕ್ಯೂ. ಅಂದರೆ ದುಡ್ಡಿನಲ್ಲಿ ಕೊಡದ ಬೆಲೆಯನ್ನು ಜನ ಹೊತ್ತಿನಲ್ಲಿ ಕೊಟ್ಟರು.

ಇಷ್ಟೆಲ್ಲ ಯೋಚಿಸುತ್ತಾ ಕೂತಿದ್ದಾಗ ಅವರೇ ನನ್ನ ಕಡೆ ನೋಡಿ, “ಹಾಕ್ಕೋತೀರಾ?” ಅಂದರು. ಸುಮ್ನೆ ಮುಖ ನೋಡಿಯೇ ಗೊತ್ತಾಗಿರಬೇಕು. ಇದು ಯಾವ ವ್ಯವಸ್ಥೆಯೋ!

ಥ್ಯಾಂಕ್ಸ್ ಹೇಳಿ ಬ್ಯಾಗಿಗೆ ಕೈ ಹಾಕಿದೆ. ಚಾರ್ಜರ್ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಅದನ್ನೂ ಅವರ ಹತ್ತಿರವೇ ಕೇಳಿ ತಗೊಂಡೆ.