ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು

ಸಕಲೇಶಪುರ, ಮೂಡಿಗೆರೆ ಕಡೆ ಜಮೀನಿನ ಹಕ್ಕುದಾಖಲೆಯಾದ ಪಹಣಿ ತೆಗೆಸಿದರೆ ಒಡೆಯರ ಹೆಸರಿರುವ 9ನೇ ಕಾಲಂನಲ್ಲಿ ಎಂದೋ ತೀರಿಕೊಂಡವರ ಹೆಸರು ಕಾಣುವುದು ಅಪರೂಪವಲ್ಲ. ತೋಟ ನೋಡಿಕೊಳ್ಳುವವನು ಮೊಮ್ಮಗ, ಖಾತೆ ಅಜ್ಜನದು. ಬೆಳೆಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದ ದಿನ ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ನೆನಪಾಗುತ್ತದೆ. ಆಮೇಲೆ ಕಚೇರಿಯವರು ಅಲೆಸುತ್ತಾರೆ ಎಂಬ ದೂರು. ಅಲೆಸುವುದೇ ಇಲ್ಲವೆಂದಲ್ಲ, ಆದರೆ ಅರ್ಜಿ ತಿಂಗಳುಗಟ್ಟಲೆ ಕೂರುವುದು ಹೆಚ್ಚಾಗಿ ಮನೆಯಿಂದಲೇ ತಪ್ಪಾಗಿ ಹೊರಟ ಕಾಗದದಿಂದ.

ಮೊದಲನೆಯದು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ತಂಟೆಯಿಲ್ಲ. 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಇದಕ್ಕಿಂತ ಹೆಚ್ಚು ಕಾಡುವುದು ಹೆಸರು. ಪಹಣಿಯಲ್ಲಿ ‘ರಂಗೇಗೌಡ ಬಿನ್ ಕೆಂಚೇಗೌಡ’, ಆಧಾರ್‌ನಲ್ಲಿ ‘ರಂಗಪ್ಪ ಕೆ.’, ಆಸ್ಪತ್ರೆಯಲ್ಲಿ ಗಡಿಬಿಡಿಯಲ್ಲಿ ಯಾರೋ ಬರೆಸಿದ್ದು ‘ರಂಗಣ್ಣ’. ಆ ಮೂರನೆಯದೇ ಮರಣ ಪತ್ರಕ್ಕೆ ಇಳಿಯುತ್ತದೆ. ಆಸ್ಪತ್ರೆಯ ನಮೂನೆ ತುಂಬುವಾಗಲೇ ಪಹಣಿಯ ಪ್ರತಿ ಕೈಯಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಈಗಾಗಲೇ ತಪ್ಪಿದ್ದರೆ ‘ಉರುಫ್’ ಎಂದು ಎಲ್ಲ ಹೆಸರನ್ನೂ ಸೇರಿಸಿದ ಅಫಿಡವಿಟ್ ಮಾಡಿಸಿ, ಊರಿನ ಹಿರಿಯರ ಹೇಳಿಕೆಯೊಂದಿಗೆ ಅರ್ಜಿಗೆ ಲಗತ್ತಿಸಿ.

ಎರಡನೆಯದು ವಂಶವೃಕ್ಷ. ಬಹುಪಾಲು ಜಗಳ ಹುಟ್ಟುವುದು ಇಲ್ಲೇ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಆಸ್ತಿಗೆ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ವರ್ಗದ ವಾರಸುದಾರರು. ಮೊದಲೇ ಸತ್ತ ಮಗನಿದ್ದರೆ ಅವನ ಹೆಂಡತಿ ಮಕ್ಕಳೂ ಬರುತ್ತಾರೆ. ‘ಮದುವೆಯಾಗಿ ಹೋದವಳಲ್ಲವಾ’ ಎಂದು ತಂಗಿಯ ಹೆಸರು ಬಿಡುವವರು ತಮ್ಮ ಗುಂಡಿ ತಾವೇ ತೋಡುತ್ತಾರೆ. ಅವಳು ನಿಜಕ್ಕೂ ಪಾಲು ಬೇಡವೆಂದರೂ ಹೆಸರು ವಂಶವೃಕ್ಷದಲ್ಲಿ ಇರಲೇಬೇಕು. ಬಿಟ್ಟುಕೊಡುವುದಕ್ಕೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡ ‘ತಕರಾರಿಲ್ಲ’ ನಾಳೆ ನಿಲ್ಲುವುದಿಲ್ಲ. ಎರಡು ತಲೆಮಾರು ಖಾತೆಯಾಗದಿದ್ದರೆ ಮೂಲಪುರುಷನಿಂದಲೇ ವಂಶವೃಕ್ಷ ಶುರುವಾಗಬೇಕು, ನಡುವೆ ಸತ್ತ ಪ್ರತಿಯೊಬ್ಬರ ಮರಣ ಪತ್ರವೂ ಬೇಕು. ಅಪ್ರಾಪ್ತರಿದ್ದರೆ ಗಾರ್ಡಿಯನ್ ಹೆಸರಿನೊಂದಿಗೆ ಸೇರಿಸಿ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಬರುವ ಸಕಾಲ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕೆಂಬ ಕಾನೂನು) ಸಂಖ್ಯೆಯ ಚೀಟಿಯನ್ನು ಜೋಪಾನ ಮಾಡಿ; ಗಡುವು ಮೀರಿದರೆ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ. ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವೂ ಕಾನೂನಿನಲ್ಲಿದೆ, ಓಡಾಟದ ಬಸ್ ಚಾರ್ಜಿಗೂ ಸಾಲದು. ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವಿಚಾರಣೆಯಾಗಿ, ನೋಟಿಸಿನ ಅವಧಿ ಕಳೆದು, ತಕರಾರು ಬರದಿದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ಮ್ಯುಟೇಶನ್ (ಖಾತೆ ಬದಲಾವಣೆ) ಮಾಡುತ್ತಾರೆ. ಒಂದು ತಕರಾರು ಬಿದ್ದರೆ ಕಡತ ತಹಶೀಲ್ದಾರರ ಮುಂದೆ, ಅಲ್ಲಿಂದ ಉಪವಿಭಾಗಾಧಿಕಾರಿಯವರೆಗೂ ಹೋಗಬಹುದು. ಹಕ್ಕು ಯಾರದು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟೇ.

ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಅಡಮಾನವಿದೆ ಎಂದು ಪೌತಿ ಖಾತೆಯನ್ನೇ ಮುಂದೂಡುವವರಿದ್ದಾರೆ. ಬೇಕಿಲ್ಲ, ಸಾಲ ಜಮೀನಿನ ಜೊತೆಯೇ ಬರುತ್ತದೆ. ಬ್ಯಾಂಕ್ ಒಪ್ಪಿಗೆ ಬೇಕಾಗುವುದು ಮುಂದೆ ಭಾಗ ಮಾಡಿಕೊಳ್ಳುವಾಗ. ಒತ್ತುವರಿ ಮಾಡಿ ಕಾಫಿ ಹಾಕಿದ ಜಾಗ ಮಾತ್ರ ಪೌತಿಗೆ ಬರುವುದಿಲ್ಲ, ಅದು ಪಹಣಿಯಲ್ಲಿ ಇವರದಲ್ಲ. ಮನೆಯದೂ ಬೇರೆ ದಾರಿ: ಗ್ರಾಮ ಪಂಚಾಯಿತಿಯ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಪ್ರತ್ಯೇಕ ಅರ್ಜಿ. ಬ್ಯಾಂಕಿನ ಠೇವಣಿಗೆ ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ, ಆದರೆ ನಾಮಿನಿ ಹಣ ಪಡೆಯುವವನಷ್ಟೇ, ಒಡೆಯನಲ್ಲ.

ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆಯಾದ ಮೇಲೆ ಒಂದೇ ಸರ್ವೆ ನಂಬರನ್ನು ಭಾಗ ಮಾಡಲು 11ಇ ನಕ್ಷೆ, ಅಂದರೆ ಸರ್ವೆಯರ್ ಅಳೆದು ಕೊಡುವ ಭಾಗದ ನಕ್ಷೆ, ಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾಡುಗಿಡ ಬೆಳೆದು, ಜಿಗಣೆ ಹತ್ತುವ ತೋಟದಲ್ಲಿ ಗಡಿ ಗುರುತಿನ ಬಾಂದುಕಲ್ಲು ಹುಡುಕುವುದೇ ಕಷ್ಟ, ಅಳತೆ ಮುಂದಕ್ಕೆ ಹೋಗುತ್ತದೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೇ ಅರ್ಜಿ ಹಾಕಿ, ಸರ್ವೆಯರ್ ಬರುವ ಮುನ್ನ ನಾಲ್ಕೂ ಮೂಲೆಯ ಕಲ್ಲಿನ ಸುತ್ತ ಸವರಿಸಿಡಿ.